ಇ-ರೀಡರ್ ಇಲ್ಲೇ ತಗೋಬೇಕಾ, ಅಲ್ಲಿ ತಗೋಬೇಕಾ?

ಜೂನ್ ಬಂತೆಂದರೆ ಈ ಪ್ರಶ್ನೆ ಶುರುವಾಗುತ್ತದೆ. "ಮಗಳು ಜರ್ಮನಿಗೆ ಹೊಂಟಾಳ್ರೀ, ಕಿಂಡಲ್ ಇಲ್ಲೇ ಕೊಡಸೂದೋ, ಅಲ್ಲೇ ತಗೋ ಅನ್ನೂದೋ?" ಅಂತ ಬೆಳಗಾವಿಯ ತಿಲಕವಾಡಿಯಿಂದ ಒಬ್ಬರು ಕೇಳುತ್ತಾರೆ. "ಅಣ್ಣ ಅಮೆರಿಕಾದಿಂದ ಬರಾಕತ್ತಾನ, ಅಲ್ಲಿ ಸೋವಿ ಅಂತಲ್ರೀ, ತರಸ್ಲೇನು?" ಅಂತ ಗೋಕಾಕದಿಂದ ಇನ್ನೊಬ್ಬರು. ದುಬೈಯಲ್ಲಿರುವ ಬಾಗಲಕೋಟೆಯ ಹುಡುಗನ ತಕರಾರು ಬೇರೆ: "ಪುಸ್ತಕ ಖರೀದಿ ಮಾಡಾಕ ಹೋದ್ರ ನಿಮ್ಮ ದೇಶದಾಗ ಸಿಗಂಗಿಲ್ಲ ಅಂತ ಬರ್ತದ." ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ. ಇ-ರೀಡರ್ ಅಂದರೆ ಇ-ಪುಸ್ತಕ ಓದಲೆಂದೇ ಮಾಡಿದ ಯಂತ್ರ, ಕಿಂಡಲ್ ಅಂದರೆ ಅಮೆಜಾನ್ ಕಂಪನಿಯ ಇ-ರೀಡರ್.

ಒಂದು ಮಾತು ಮೊದಲೇ ತಲೆಯಲ್ಲಿರಲಿ. ಯಂತ್ರ ಯಾವ ದೇಶಕ್ಕೆ ಹೋದರೂ ಕೆಲಸ ಮಾಡುತ್ತದೆ. ತೊಡಕು ಇರುವುದು ಖಾತೆಯಲ್ಲಿ ಮತ್ತು ಪುಸ್ತಕದಲ್ಲಿ. ಜನ ಪರದೆ ಎಷ್ಟು ಇಂಚು, ಬೆಲೆ ಎಷ್ಟು ಅಂತ ವಾರಗಟ್ಟಲೆ ಹುಡುಕುತ್ತಾರೆ. ಪುಸ್ತಕ ಎಲ್ಲಿಂದ ಬರುತ್ತದೆ ಅಂತ ಮಾತ್ರ ಕೇಳಿಕೊಳ್ಳುವುದಿಲ್ಲ.

ಇ-ರೀಡರ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಟ್ಯಾಬ್ ಅಲ್ಲ. ಇದರ ಪರದೆಗೆ ಇ-ಇಂಕ್ ಅನ್ನುತ್ತಾರೆ, ಅಂದರೆ ವಿದ್ಯುತ್ ಶಾಯಿ. ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳಲ್ಲಿ ಕಪ್ಪು-ಬಿಳಿ ಕಣಗಳಿರುತ್ತವೆ. ವಿದ್ಯುತ್ ಹರಿದಾಗ ಕಪ್ಪೋ ಬಿಳಿಯೋ ಮೇಲಕ್ಕೆ ಬಂದು ಅಕ್ಷರ ಮೂಡುತ್ತದೆ. ಮೂಡಿದ ಮೇಲೆ ಹಾಗೇ ನಿಲ್ಲುತ್ತದೆ, ವಿದ್ಯುತ್ ಬೇಡ. ಪುಟ ತಿರುಗಿಸಿದಾಗ ಮಾತ್ರ ಖರ್ಚು. ಅದಕ್ಕೇ ಬ್ಯಾಟರಿ ವಾರಗಟ್ಟಲೆ ಬರುತ್ತದೆ. ಬೆಳಕು ಪರದೆಯ ಹಿಂದಿನಿಂದ ಕಣ್ಣಿಗೆ ಹೊಡೆಯುವುದಿಲ್ಲ. ಅಂಚಿನ ದೀಪದಿಂದ ಪರದೆಯ ಮೇಲೆ ಹರಡುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದ ರಾತ್ರಿ ಇದರ ಬೆಲೆ ಗೊತ್ತಾಗುತ್ತದೆ.

ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು: ಒಂದು ಇಮೇಲ್, ಒಂದು ಬ್ಯಾಂಕ್ ಕಾರ್ಡ್, ವೈಫೈ, ಸಾಧ್ಯವಾದರೆ ಒಂದು ಕಂಪ್ಯೂಟರ್. ಕನ್ನಡ ಓದುವವರಿಗೆ ಕಂಪ್ಯೂಟರ್ ಬೇಕೇ ಬೇಕು. ಯಾಕೆ ಅಂತ ಐದನೇ ಹಂತದಲ್ಲಿ ಹೇಳುತ್ತೇನೆ.

ಹಂತ 1: ಒಂದು ಹಾಳೆ ತಗೊಂಡು ನಿಮ್ಮ ಓದು ಬರೆಯಿರಿ

ಕಳೆದ ಒಂದು ವರ್ಷದಲ್ಲಿ ಓದಿದ ಹತ್ತು ಪುಸ್ತಕದ ಹೆಸರು ಬರೆಯಿರಿ. ಹತ್ತು ಆಗದಿದ್ದರೆ ಐದು. ಪ್ರತಿಯೊಂದರ ಮುಂದೆ ಭಾಷೆ ಬರೆಯಿರಿ. ಇದೇನು ಶಾಲೆಯ ಹೋಂವರ್ಕ್ ಅನ್ನಬೇಡಿ. ಯಾವ ಯಂತ್ರ ಅಂತ ಹೇಳುವುದು ಈ ಹಾಳೆಯೇ.

ಹೆಚ್ಚಿನವು ಇಂಗ್ಲಿಷ್ ಆದರೆ ನಿಮ್ಮ ಕೆಲಸ ಸಲೀಸು. ಯಾವ ಕಂಪನಿಯದಾದರೂ ನಡೆಯುತ್ತದೆ.

ಮರಾಠಿ ಇದ್ದರೂ ಚಿಂತೆ ಕಡಿಮೆ. 2016ರ ಕೊನೆಗೆ ಕಿಂಡಲ್ ಅಂಗಡಿಗೆ ಐದು ಭಾರತೀಯ ಭಾಷೆ ಬಂದವು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಬೆಳಗಾವಿಯಲ್ಲಿ ಕೂತವರಿಗೆ ಇದು ಸ್ವಲ್ಪ ಚುಚ್ಚುತ್ತದೆ. ಪಕ್ಕದ ಮನೆಯ ಮರಾಠಿ ಅಜ್ಜಿ ಅಂಗಡಿಯಿಂದಲೇ ಪುಸ್ತಕ ಇಳಿಸಿಕೊಳ್ಳುತ್ತಾರೆ, ನಾವು ಫೈಲ್ ಹುಡುಕಿ ತಂದು ತುಂಬಬೇಕು.

ಕನ್ನಡವೇ ಜಾಸ್ತಿ ಇದ್ದರೆ ದಾರಿ ಎರಡು. ಒಂದು, ಸಾದಾ ಇ-ರೀಡರ್ ತಗೊಂಡು ಕನ್ನಡ ಫೈಲುಗಳನ್ನು ನೀವೇ ಹಾಕಿಕೊಳ್ಳುವುದು. ಇನ್ನೊಂದು, ಆಂಡ್ರಾಯ್ಡ್ ಇರುವ ಇ-ರೀಡರ್ ತಗೊಳ್ಳುವುದು. ಚೀನಾದ ಓನಿಕ್ಸ್ ಬೂಕ್ಸ್ ಈ ಜಾತಿಯದು. ಇದರಲ್ಲಿ ಫೋನಿನ ಹಾಗೆ ಪ್ಲೇ ಸ್ಟೋರ್‌ನಿಂದ ಆ್ಯಪ್ ಹಾಕಬಹುದು. ಹಾಗಾಗಿ ಮೈಲ್ಯಾಂಗ್‌ನಂಥ ಕನ್ನಡದ ಇ-ಪುಸ್ತಕ ಆ್ಯಪ್‌ಗಳಿಗೆ ದಾರಿ ಸಿಗುತ್ತದೆ. ಆದರೆ ಬೆಲೆ ಜಾಸ್ತಿ, ಬ್ಯಾಟರಿ ಬೇಗ ಇಳಿಯುತ್ತದೆ, ಫೋನಿಗೆಂದು ಮಾಡಿದ ಆ್ಯಪ್ ಇ-ಇಂಕ್ ಪರದೆಯ ಮೇಲೆ ಸ್ವಲ್ಪ ಮಿಣಮಿಣ ಅನ್ನುತ್ತದೆ. ಅಷ್ಟು ಸಹಿಸಿಕೊಳ್ಳುವುದಾದರೆ ಕನ್ನಡದ ಹೊಸ ಪುಸ್ತಕ ಓದುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಹಾಳೆಯಲ್ಲಿ ಕಾಲೇಜಿನ ನೋಟ್ಸ್, ಎ4 ಅಳತೆಯ ಪಿಡಿಎಫ್ ಜಾಸ್ತಿ ಇದ್ದರೆ 6 ಇಂಚಿನ ಯಂತ್ರ ಕೊಳ್ಳಲೇಬೇಡಿ. ವಿಟಿಯು ಹುಡುಗರು ಮಾಡುವ ತಪ್ಪೇ ಇದು. ಪುಟ ಪೂರ್ತಿ ಕಂಡರೆ ಅಕ್ಷರ ಇರುವೆಯಷ್ಟಾಗುತ್ತದೆ, ಅಕ್ಷರ ದೊಡ್ಡದು ಮಾಡಿದರೆ ಪುಟ ಹೊರಗೆ ಹೋಗುತ್ತದೆ. ಅದಕ್ಕೆ 10 ಇಂಚಿನದು ಬೇಕು. ದುಡ್ಡಿಲ್ಲದಿದ್ದರೆ ಲ್ಯಾಪ್‌ಟಾಪೇ ವಾಸಿ.

ಹಂತ 2: ಹೋಗುವ ದೇಶ ನೋಡಿ ಕಂಪನಿ ಆರಿಸಿ

ಇಲ್ಲಿ ನಿರ್ಧಾರ ಮಾಡುವುದು ಅಂಗಡಿಗಿಂತ ಅಲ್ಲಿಯ ಸಾರ್ವಜನಿಕ ಗ್ರಂಥಾಲಯ. ನಮಗೆ ಇದು ಹೊಳೆಯುವುದೇ ಇಲ್ಲ. ಹೊರದೇಶದಲ್ಲಿ ಊರಿನ ಗ್ರಂಥಾಲಯದ ಕಾರ್ಡ್ ಮಾಡಿಸಿದರೆ ಇ-ಪುಸ್ತಕವನ್ನೂ ಎರಡು-ಮೂರು ವಾರಕ್ಕೆ ಎರವಲು ಕೊಡುತ್ತಾರೆ. ಅವಧಿ ಮುಗಿದಾಗ ಪುಸ್ತಕ ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ದಂಡದ ಮಾತೇ ಇಲ್ಲ. ವಿದ್ಯಾರ್ಥಿಗಳಿಗೆ ಇದಕ್ಕಿಂತ ದೊಡ್ಡ ಉಳಿತಾಯ ಇಲ್ಲ.

ಅಮೆರಿಕಕ್ಕೆ ಹೋಗುವವರು ಕಣ್ಣು ಮುಚ್ಚಿ ಕಿಂಡಲ್ ತಗೊಳ್ಳಬಹುದು. ಅಲ್ಲಿಯ ಗ್ರಂಥಾಲಯಗಳು ಬಳಸುವ ಲಿಬ್ಬಿ ಅನ್ನುವ ಆ್ಯಪ್‌ನಿಂದ ಪುಸ್ತಕವನ್ನು ಸೀದಾ ಕಿಂಡಲ್‌ಗೆ ಕಳಿಸಬಹುದು. ಗಮನಿಸಿ, ಈ ಸೌಲಭ್ಯ ಅಮೆರಿಕದ ಗ್ರಂಥಾಲಯಗಳಿಗೆ ಮಾತ್ರ.

ಕೆನಡಾ, ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲೂ ಲಿಬ್ಬಿ ಇದೆ. ಆದರೆ ಅಲ್ಲಿ ಅದು ಕಿಂಡಲ್‌ಗೆ ಪುಸ್ತಕ ಕಳಿಸುವುದಿಲ್ಲ. ಅಲ್ಲಿಗೆ ಹೋಗುವವರಿಗೆ ಕೋಬೋ ಒಳ್ಳೆಯದು. ಕೋಬೋ ಕೆನಡಾದ ಟೊರಾಂಟೊದ ಕಂಪನಿ, ಈಗ ಜಪಾನಿನ ರಾಕುಟೆನ್ ಕೈಯಲ್ಲಿದೆ. ಗ್ರಂಥಾಲಯದ ಎರವಲು ವ್ಯವಸ್ಥೆ ಅದರ ಹೆಚ್ಚಿನ ಮಾದರಿಗಳ ಒಳಗೇ ಇರುತ್ತದೆ. ಕಾರ್ಡ್ ನಂಬರ್ ಹಾಕಿದರೆ ಯಂತ್ರದಲ್ಲೇ ಹುಡುಕಿ ಇಳಿಸಿಕೊಳ್ಳಬಹುದು.

ಜರ್ಮನಿಯಲ್ಲಿ ಗ್ರಂಥಾಲಯದ ಇ-ಪುಸ್ತಕ ವ್ಯವಸ್ಥೆಗೆ ಓನ್‌ಲೈಹೆ ಅನ್ನುತ್ತಾರೆ. ಕಿಂಡಲ್‌ನಲ್ಲಿ ಇದು ನಡೆಯುವುದಿಲ್ಲ. ಟೋಲಿನೋ, ಪಾಕೆಟ್‌ಬುಕ್, ಕೋಬೋ ನಡೆಯುತ್ತವೆ. ಟೋಲಿನೋ ಅಲ್ಲಿಯ ಪುಸ್ತಕದಂಗಡಿಗಳು ಸೇರಿ 2013ರಲ್ಲಿ ತಂದದ್ದು. ಊರಿನ ಪುಸ್ತಕದಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ ಕೊಳ್ಳಬಹುದು. ಜರ್ಮನ್ ಕಲಿಯುವವರಿಗೆ ಇದು ಬಲು ಉಪಯೋಗ. ಹಾಗಾಗಿ ತಿಲಕವಾಡಿಯವರಿಗೆ ನನ್ನ ಉತ್ತರ: ಇಲ್ಲಿ ಏನೂ ಕೊಡಿಸಬೇಡಿ, ಮಗಳು ಹೋಗಿ ಗ್ರಂಥಾಲಯದ ಕಾರ್ಡ್ ಮಾಡಿಸಿ ಆಮೇಲೆ ತಗೊಳ್ಳಲಿ.

ಗಲ್ಫ್‌ಗೆ ಹೋಗುವವರು ಇಲ್ಲೇ ಕಿಂಡಲ್ ತಗೊಂಡು, ಖಾತೆಯನ್ನೂ ಭಾರತದ್ದೇ ಇಟ್ಟುಕೊಳ್ಳುವುದು ಲೇಸು. ನಾಲ್ಕನೇ ಹಂತ ಓದಿದ ಮೇಲೆ ಕಾರಣ ತಿಳಿಯುತ್ತದೆ.

ನೂಕ್ ಅನ್ನುವ ಹೆಸರೂ ಕೇಳಿರುತ್ತೀರಿ. ಅಮೆರಿಕದ ದೊಡ್ಡ ಪುಸ್ತಕದಂಗಡಿ ಬಾರ್ನ್ಸ್ ಆ್ಯಂಡ್ ನೋಬಲ್‌ನದು. ಯಾರಾದರೂ ಉಡುಗೊರೆ ಕೊಟ್ಟರೆ ಇಟ್ಟುಕೊಳ್ಳಿ, ದುಡ್ಡು ಕೊಟ್ಟು ತರಿಸಬೇಡಿ. ಅದರ ಅಂಗಡಿ ಅಮೆರಿಕ ಬಿಟ್ಟು ಹೊರಗಿನವರಿಗಲ್ಲ.

ಹಂತ 3: ಸೋವಿ ಲೆಕ್ಕ ಸರಿಯಾಗಿ ಹಾಕಿ

"ಅಮೆರಿಕಾದಾಗ ಸೋವಿ" ಅನ್ನುವುದು ಅರ್ಧ ನಿಜ. ಒಂದು ಲೆಕ್ಕ ಮಾಡಿಯೇ ಬಿಡೋಣ. 2024ರಲ್ಲಿ ಬಂದ ಕಿಂಡಲ್ ಪೇಪರ್‌ವೈಟ್‌ಗೆ ಅಲ್ಲಿ 160 ಡಾಲರ್. ಅದೇ ಯಂತ್ರ 2025ರ ಏಪ್ರಿಲ್‌ನಲ್ಲಿ ಇಲ್ಲಿಗೆ ಬಂದಾಗ 16,999 ರೂಪಾಯಿ. ಡಾಲರ್‌ಗೆ 85 ರೂಪಾಯಿ ಹಿಡಿದರೆ 160 ಡಾಲರ್ ಅಂದರೆ 13,600. ಮೂರು ಸಾವಿರ ಉಳೀತು ಅನ್ನಿಸುತ್ತದೆ ಅಲ್ವಾ? ನಿಲ್ಲಿ. ಆ 160ರ ಯಂತ್ರದಲ್ಲಿ ಜಾಹೀರಾತು ಬರುತ್ತದೆ. ಯಂತ್ರ ಮಲಗಿದ್ದಾಗ ಪರದೆಯ ಮೇಲೆ ಯಾವುದೋ ಪುಸ್ತಕದ ಜಾಹೀರಾತು ಕೂತಿರುತ್ತದೆ. ಅದು ಬೇಡ ಅಂದರೆ 20 ಡಾಲರ್ ಜಾಸ್ತಿ. ಅಲ್ಲಿ ಚೀಟಿಯ ಮೇಲಿನ ಬೆಲೆಗೆ ರಾಜ್ಯದ ತೆರಿಗೆ ಸೇರಿರುವುದಿಲ್ಲ, ಬಿಲ್ ಮಾಡುವಾಗ ಸೇರುತ್ತದೆ. ಆರೆಗಾನ್, ಡೆಲವೇರ್‌ನಂಥ ಕೆಲವು ರಾಜ್ಯಗಳಲ್ಲಿ ಮಾರಾಟ ತೆರಿಗೆ ಇಲ್ಲ. ಉಳಿದ ಕಡೆ ಶೇ 8 ಅಂತ ಹಿಡಿಯೋಣ. 180ಕ್ಕೆ ತೆರಿಗೆ ಸೇರಿ 194 ಡಾಲರ್ ಚಿಲ್ಲರೆ. ಅಂದರೆ 16,500 ರೂಪಾಯಿ. ಉಳಿದದ್ದು ಐನೂರು. ಅದಕ್ಕೆ ಅಣ್ಣನ ಬ್ಯಾಗಿನಲ್ಲಿ ಜಾಗ, ವಾರಂಟಿಯ ಚಿಂತೆ ಬೇರೆ. ಡಾಲರ್ ದರ ಏರಿಳಿದ ಹಾಗೆ, ರಿಯಾಯಿತಿ ಬಂದ ಹಾಗೆ ಲೆಕ್ಕ ಬದಲಾಗುತ್ತದೆ. ನವೆಂಬರ್ ಕೊನೆಯ ಬ್ಲ್ಯಾಕ್ ಫ್ರೈಡೇ ಮಾರಾಟದಲ್ಲಿ ಅಲ್ಲಿ ನಿಜಕ್ಕೂ ಇಳಿಯುತ್ತದೆ. ಉಳಿದ ದಿನ ಕೊಳ್ಳುವ ಮುಂಚೆ ಇದೇ ಕ್ರಮದಲ್ಲಿ ಕೂಡಿ ನೋಡಿ.

ವಾರಂಟಿ ಸಾಮಾನ್ಯವಾಗಿ ಕೊಂಡ ದೇಶದಲ್ಲಿ ಮಾತ್ರ. ಪರದೆ ಕೆಟ್ಟರೆ ಇಲ್ಲಿ ರಿಪೇರಿ ಅಂಗಡಿಯವರು ಕೈ ಹಾಕುವುದಿಲ್ಲ. ಫೋನಿನ ಡಿಸ್‌ಪ್ಲೇ ಹಾಗೆ ಬೆಳಗಾವಿಯ ಖಡೇಬಜಾರಿನಲ್ಲಿ ಸಿಗುವ ಮಾಲಲ್ಲ ಅದು.

ಜರ್ಮನಿಯಲ್ಲಿ ಬೆಲೆಯೊಳಗೇ ಶೇ 19 ತೆರಿಗೆ ಇರುತ್ತದೆ. ನೋಡಿ ಬರಲು ಹೋದ ತಂದೆ-ತಾಯಿ ಕೊಂಡು ಊರಿಗೆ ತಂದರೆ, ವಿಮಾನ ನಿಲ್ದಾಣದಲ್ಲಿ ಕಾಗದ ತೋರಿಸಿ ಅದರಲ್ಲಿ ಒಂದಿಷ್ಟು ವಾಪಸ್ ಪಡೆಯಬಹುದು. ಅಂಗಡಿಯಲ್ಲೇ ಟ್ಯಾಕ್ಸ್‌ಫ್ರೀ ಫಾರಂ ಕೇಳಿ ತಗೊಂಡಿರಬೇಕು. ಅಲ್ಲೇ ಓದುತ್ತಿರುವ ಮಕ್ಕಳಿಗೆ ಇದು ಸಿಗದು. ಇಂಗ್ಲೆಂಡ್‌ನಲ್ಲಿ ಈ ಪದ್ಧತಿ 2021ರ ಜನವರಿಯಿಂದ ನಿಂತುಹೋಗಿದೆ.

ಕಸ್ಟಮ್ಸ್ ಬಗ್ಗೆ ಜಾಸ್ತಿ ಹೆದರಬೇಡಿ. ಪ್ರಯಾಣಿಕರು ತರುವ ಸಾಮಾನಿಗೆ ಒಂದು ಮಿತಿ ಇದೆ, ಒಂದು ಇ-ರೀಡರ್ ಅದರೊಳಗೆ ಆರಾಮಾಗಿ ಬರುತ್ತದೆ. ಸೀಲು ಒಡೆಯದ ಐದು ಡಬ್ಬಿ ತಂದರೆ ಮಾತ್ರ ಪ್ರಶ್ನೆ ಬರುತ್ತದೆ. ಕೊರಿಯರ್‌ನಲ್ಲಿ ತರಿಸುವುದು ಬೇರೆ ಮಾತು. ಅದಕ್ಕೆ ಈ ರಿಯಾಯಿತಿ ಇಲ್ಲ, ಸುಂಕ ಬೀಳುತ್ತದೆ.

ಹಳೆಯದನ್ನು ಕೊಳ್ಳುವವರಿಗೆ ಎರಡು ಎಚ್ಚರಿಕೆ. "3ಜಿ ಇದೆ, ವೈಫೈ ಬೇಡ" ಅಂತ ಮಾರುವ ಹಳೇ ಅಮೆರಿಕನ್ ಕಿಂಡಲ್ ತಗೊಳ್ಳಬೇಡಿ. ಅಲ್ಲಿಯ ಮೊಬೈಲ್ ಕಂಪನಿಗಳು 2ಜಿ, 3ಜಿ ಮುಚ್ಚಿ ಆಗಿದೆ. ವೈಫೈ ಇಲ್ಲದ ಮೊದಮೊದಲ ಕಿಂಡಲ್‌ಗಳು ಈಗ ಯುಎಸ್‌ಬಿ ವೈರಿಗೆ ಕಾಯುವ ಹಲಗೆಗಳು. ಎರಡನೆಯದು, ಹಳೇ ಮಾಲೀಕರ ಖಾತೆ. ನಾನು ಒಮ್ಮೆ ಸೆಕೆಂಡ್‌ಹ್ಯಾಂಡ್ ತಗೊಂಡು ಮನೆಗೆ ಬಂದು ತೆರೆದರೆ, ಯಂತ್ರ ಇನ್ನೂ ಅವರ ಹೆಸರಿನಲ್ಲೇ ಇತ್ತು. ಮಾರಿದವರು ಫೋನ್ ಎತ್ತಲಿಲ್ಲ. ಅದಕ್ಕೇ ದುಡ್ಡು ಕೊಡುವ ಮುಂಚೆ ಅವರ ಎದುರಿಗೇ ಡಿರಿಜಿಸ್ಟರ್ ಮಾಡಿಸಿ, ಅಂದರೆ ಅವರ ಖಾತೆಯಿಂದ ಬಿಡಿಸಿ, ನಿಮ್ಮ ಖಾತೆ ಹಾಕಿ ನೋಡಿ.

ಹಂತ 4: ಖಾತೆ. ಜನ ಸಿಕ್ಕಿಬೀಳುವುದು ಇಲ್ಲೇ

ಕಿಂಡಲ್ ಯಂತ್ರ ಒಂದು ಹೊತ್ತಿಗೆ ಒಂದೇ ದೇಶದ ಅಂಗಡಿಗೆ ಸೇರಿರುತ್ತದೆ. ಭಾರತದ ಅಂಗಡಿ ಬೇರೆ, ಅಮೆರಿಕದ್ದು ಬೇರೆ, ಜರ್ಮನಿಯದು ಬೇರೆ. ಯಂತ್ರ ಎಲ್ಲಿ ಕೊಂಡಿರಿ ಅನ್ನುವುದು ಮುಖ್ಯ ಅಲ್ಲ, ನಿಮ್ಮ ಖಾತೆಯಲ್ಲಿ ಯಾವ ದೇಶ ಅಂತ ಇದೆ ಅನ್ನುವುದು ಮುಖ್ಯ. ಅಮೆರಿಕದಿಂದ ತಂದ ಯಂತ್ರಕ್ಕೆ ಭಾರತದ ಖಾತೆ ಹಾಕಿದರೆ ಅದು ಭಾರತದ ಅಂಗಡಿ ತೋರಿಸುತ್ತದೆ. ರೂಪಾಯಿಯಲ್ಲಿ ಬೆಲೆ, ಇಲ್ಲಿಯದೇ ಪಾವತಿ. ಓದಿಗೆ ಏನೂ ಅಡ್ಡಿ ಇಲ್ಲ.

"ನಿಮ್ಮ ದೇಶದಲ್ಲಿ ಸಿಗುವುದಿಲ್ಲ" ಅಂತ ಯಾಕೆ ಬರುತ್ತದೆ? ಒಂದೇ ಪುಸ್ತಕವನ್ನು ಇಂಗ್ಲೆಂಡಿನಲ್ಲಿ ಒಬ್ಬ ಪ್ರಕಾಶಕ, ಅಮೆರಿಕದಲ್ಲಿ ಇನ್ನೊಬ್ಬ, ಭಾರತದಲ್ಲಿ ಮತ್ತೊಬ್ಬ ತಂದಿರುತ್ತಾರೆ. ಮಾರುವ ಹಕ್ಕು ದೇಶದ ಲೆಕ್ಕದಲ್ಲಿ ಹಂಚಿಹೋಗಿರುತ್ತದೆ. ಕಾಗದದ ಪುಸ್ತಕ ಬ್ಯಾಗಿನಲ್ಲಿ ಹಾಕಿಕೊಂಡು ಬಂದರೆ ಯಾರೂ ಕೇಳುವುದಿಲ್ಲ. ಇ-ಪುಸ್ತಕ ಮಾರುವಾಗ ಮಾತ್ರ ಅಂಗಡಿ ನಿಮ್ಮ ವಿಳಾಸ ನೋಡುತ್ತದೆ. ದುಬೈ ಹುಡುಗನ ತೊಂದರೆಯ ಮೂಲ ಇದು. ಕಿಂಡಲ್‌ಗೆ ಎಲ್ಲ ದೇಶದಲ್ಲೂ ತನ್ನದೇ ಅಂಗಡಿ ಇಲ್ಲ. ಇಲ್ಲದ ದೇಶದ ವಿಳಾಸ ಹಾಕಿದವರಿಗೆ ಅಮೆಜಾನ್ ಡಾಟ್ ಕಾಮ್, ಅಂದರೆ ಅಮೆರಿಕದ ಅಂಗಡಿ ತೋರಿಸುತ್ತದೆ, ಅದರಲ್ಲಿ ಎಷ್ಟೋ ಪುಸ್ತಕಕ್ಕೆ ಆ ದೇಶದ ಹಕ್ಕು ಇರುವುದಿಲ್ಲ. ಅವನು ಊರಿನ ವಿಳಾಸ, ಊರಿನ ಬ್ಯಾಂಕಿನ ಕಾರ್ಡ್ ಇಟ್ಟುಕೊಂಡು ಭಾರತದ ಖಾತೆಯಲ್ಲೇ ಇದ್ದಿದ್ದರೆ ಸಾಕಿತ್ತು.

ಹಾಗಾದರೆ ದೇಶ ಯಾವಾಗ ಬದಲಿಸಬೇಕು? ಆರು ತಿಂಗಳು, ಒಂದು ವರ್ಷಕ್ಕೆ ಹೋಗುವವರು ಬದಲಿಸಬೇಡಿ. ನೆಲೆ ನಿಲ್ಲುವವರು ಅಲ್ಲಿಯ ಬ್ಯಾಂಕ್ ಖಾತೆ, ಅಲ್ಲಿಯ ಕಾರ್ಡ್ ಬಂದ ಮೇಲೆ ಬದಲಿಸಿ. ಬದಲಿಸುವ ಜಾಗ ಯಂತ್ರದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅಮೆಜಾನ್ ವೆಬ್‌ಸೈಟಿನ ನಿಮ್ಮ ಖಾತೆಯಲ್ಲಿ ಕಂಟೆಂಟ್ ಆ್ಯಂಡ್ ಡಿವೈಸಸ್ ಅನ್ನುವ ಪುಟ, ಅದರೊಳಗೆ ಪ್ರಿಫರೆನ್ಸಸ್, ಅದರೊಳಗೆ ದೇಶ. ಕೊಂಡ ಪುಸ್ತಕಗಳು ಉಳಿಯುತ್ತವೆ. ಆದರೆ ತಿಂಗಳ ಚಂದಾ ಕಟ್ಟುವ ಕಿಂಡಲ್ ಅನ್‌ಲಿಮಿಟೆಡ್‌ನಂಥವು ಜೊತೆಗೆ ಬರುವುದಿಲ್ಲ, ಹೊಸ ದೇಶದಲ್ಲಿ ಮತ್ತೆ ಶುರು ಮಾಡಬೇಕು. ಗಿಫ್ಟ್ ಕಾರ್ಡಿನ ಹಣವೂ ಹಾಗೇ, ಒಂದು ದೇಶದ್ದು ಇನ್ನೊಂದರಲ್ಲಿ ನಡೆಯದು. ಬದಲಿಸುವ ಮುಂಚೆ ಖಾಲಿ ಮಾಡಿಕೊಳ್ಳಿ.

ಇನ್ನು ಎರಡು ಗುಂಡಿಗಳು. ಎರಡರಲ್ಲೂ ನಮ್ಮ ಕಡೆಯ ಹುಡುಗರು ಬೀಳುವುದನ್ನು ನೋಡಿದ್ದೇನೆ.

ಒಟಿಪಿ. ಖಾತೆಗೆ ಲಾಗಿನ್ ಆಗಲು, ಕಾರ್ಡ್ ಬಳಸಲು ಊರಿನ ನಂಬರಿಗೆ ಒಟಿಪಿ ಬರುತ್ತದೆ. ಅಲ್ಲಿ ಹೋದ ಮರುದಿನ ಸಿಮ್ ತೆಗೆದು ಹೊಸದು ಹಾಕುತ್ತಾರೆ, ಮೂರು ತಿಂಗಳಿಗೆ ರೀಚಾರ್ಜ್ ಇಲ್ಲದೆ ಹಳೇ ನಂಬರ್ ಸಾಯುತ್ತದೆ, ಖಾತೆಗೆ ಬೀಗ ಬೀಳುತ್ತದೆ. ಹೊರಡುವ ಮುಂಚೆ ಒಟಿಪಿ ಕೊಡುವ ಅಥೆಂಟಿಕೇಟರ್ ಆ್ಯಪ್ ಅನ್ನು ಫೋನಿಗೆ ಹಾಕಿ ಖಾತೆಗೆ ಜೋಡಿಸಿ. ಇದು ಸಿಮ್ ಇಲ್ಲದೆಯೂ ನಡೆಯುತ್ತದೆ. ಬ್ಯಾಂಕಿನ ಒಟಿಪಿಗೆ ಸಿಮ್ ಬೇಕೇ ಬೇಕು, ಅದಕ್ಕೆ ರೋಮಿಂಗ್ ಹಾಕಿಸಿ ಹಳೇ ನಂಬರ್ ಜೀವಂತ ಇಡಿ.

ಕಾರ್ಡ್. 2020ರ ಮಾರ್ಚ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡುಗಳಲ್ಲಿ ಹೊರದೇಶದ ಪಾವತಿ ಮುಚ್ಚಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ತೆರೆಯಬೇಕು. "ಕಾರ್ಡ್ ಡಿಕ್ಲೈನ್" ಅಂತ ಬಂದರೆ ಮೊದಲು ನೋಡಬೇಕಾದದ್ದು ಇದೇ. ಡಾಲರ್‌ನಲ್ಲಿ ಕೊಂಡರೆ ಬ್ಯಾಂಕ್ ತನ್ನ ಪಾಲು ಬೇರೆ ಹಿಡಿಯುತ್ತದೆ ಅನ್ನುವುದೂ ನೆನಪಿರಲಿ.

ಒಂದು ಮಾತು ಸುಮ್ನೆ ಸೇರಿಸುತ್ತೇನೆ. ಇ-ಪುಸ್ತಕ ಕೊಂಡೆ ಅಂದರೆ ಕೈಗೆ ಬಂತು ಅಂತಲ್ಲ. ಕಿಂಡಲ್ ಚೀನಾದ ತನ್ನ ಅಂಗಡಿಯನ್ನು 2023ರ ಜೂನ್ 30ಕ್ಕೆ ಮುಚ್ಚಿತು, ಕೊಂಡಿದ್ದನ್ನು ಇಳಿಸಿಕೊಳ್ಳಲು ಇನ್ನೊಂದು ವರ್ಷ ಕೊಟ್ಟಿತು. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕ ಅಂಗಡಿ ಮುಚ್ಚಿದಾಗ ದುಡ್ಡು ವಾಪಸ್ ಕೊಟ್ಟಿತು, ಪುಸ್ತಕ ಹೋಯಿತು. ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ವೈರಿನಿಂದ ಹಾಕುವ ದಾರಿಯನ್ನು ಕಿಂಡಲ್ 2025ರ ಫೆಬ್ರುವರಿ 26ಕ್ಕೆ ತೆಗೆದುಹಾಕಿದೆ. ಮತ್ತೆ ಮತ್ತೆ ಬೇಕಾಗುವ ಪುಸ್ತಕ ನಾನು ಈಗಲೂ ಕಾಗದದ್ದೇ ಕೊಳ್ಳುತ್ತೇನೆ.

ಹಂತ 5: ಕನ್ನಡ ಕೂರಿಸುವುದು

ಯಂತ್ರ ಬಂತು, ಖಾತೆ ಆಯಿತು. ಈಗ ಕನ್ನಡ. ಪುಸ್ತಕ ತುಂಬುವ ಮುಂಚೆ ಒಂದು ಪರೀಕ್ಷೆ ಮಾಡಿ. ಐದು ನಿಮಿಷದ ಕೆಲಸ.

ಕಂಪ್ಯೂಟರಿನಲ್ಲಿ ಒಂದು ಸಾಲು ಟೈಪ್ ಮಾಡಿ: ರಾಷ್ಟ್ರ, ಸ್ತ್ರೀ, ಕರ್ನಾಟಕ, ಜ್ಞಾನ, ಕೊಪ್ಪಳ, ಅಕ್ಕಮಹಾದೇವಿ. ಇದನ್ನು ಇಪಬ್ ಫೈಲ್ ಮಾಡಿ ಯಂತ್ರಕ್ಕೆ ಹಾಕಿ. ಇಪಬ್ ಅಂದರೆ ಅಕ್ಷರ ದೊಡ್ಡದು ಮಾಡಿದರೆ ಸಾಲು ತಾನೇ ಹೊಂದಿಕೊಳ್ಳುವ ಪುಸ್ತಕದ ಫೈಲ್. ಮಾಡಲು ಕ್ಯಾಲಿಬರ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇದೆ, ಭಾರತ ಮೂಲದ ಕೋವಿದ್ ಗೋಯಲ್ 2006ರಲ್ಲಿ ಶುರು ಮಾಡಿದ್ದು. ಈಗ ಯಂತ್ರದಲ್ಲಿ ತೆರೆದು ಕಣ್ಣಿಟ್ಟು ನೋಡಿ. ರಾಷ್ಟ್ರ ಅನ್ನುವುದು "ರಾಷ್‌ಟ್‌ರ" ಅಂತ ಒಡೆದು ಕಾಣುತ್ತಿದೆಯಾ? ಕರ್ನಾಟಕದ ಅರ್ಕಾವತ್ತು ಜಾಗ ಬಿಟ್ಟು ಕೂತಿದೆಯಾ? ಹಾಗಿದ್ದರೆ ಆ ಯಂತ್ರಕ್ಕೆ ಒತ್ತಕ್ಷರ ಜೋಡಿಸಲು ಬರುತ್ತಿಲ್ಲ. ಬರೀ ಚೌಕ ಡಬ್ಬಿ ಕಂಡರೆ ಕನ್ನಡದ ಫಾಂಟ್ ಇಲ್ಲ ಅಂತ ಅರ್ಥ. ಎರಡೂ ಬೇರೆ ಬೇರೆ ರೋಗ, ಮದ್ದೂ ಬೇರೆ.

ಡಬ್ಬಿ ಕಂಡರೆ: ನೋಟೊ ಸೆರಿಫ್ ಕನ್ನಡ ಅನ್ನುವ ಫಾಂಟ್ ಪುಕ್ಕಟೆ ಸಿಗುತ್ತದೆ. ಯಂತ್ರವನ್ನು ವೈರಿನಿಂದ ಕಂಪ್ಯೂಟರಿಗೆ ಜೋಡಿಸಿ, ಫಾಂಟ್ಸ್ ಅನ್ನುವ ಫೋಲ್ಡರಿಗೆ ಹಾಕಿ. ಕಿಂಡಲ್, ಕೋಬೋ ಎರಡಕ್ಕೂ ಇದೇ ರೀತಿ. ಕೋಬೋದಲ್ಲಿ ಆ ಫೋಲ್ಡರ್ ಇಲ್ಲದಿದ್ದರೆ ನೀವೇ ಮಾಡಿ. ಆಮೇಲೆ ಪುಸ್ತಕ ತೆರೆದು ಅಕ್ಷರದ ಪಟ್ಟಿಯಲ್ಲಿ ಅದನ್ನು ಆರಿಸಿ.

ಒತ್ತಕ್ಷರ ಒಡೆದರೆ: ಕೋಬೋದಲ್ಲಿ ಫೈಲನ್ನು ಕ್ಯಾಲಿಬರ್‌ನಿಂದ ಕೆಪಬ್ ಮಾಡಿ ಹಾಕಿ ನೋಡಿ. ಅದು ಕೋಬೋದ ಸ್ವಂತ ರೂಪ, ಸಾದಾ ಇಪಬ್‌ಗಿಂತ ಬೇರೆ ತಂತ್ರಾಂಶದಲ್ಲಿ ತೆರೆಯುತ್ತದೆ. ಕಿಂಡಲ್‌ನಲ್ಲಿ ವೈರಿನಿಂದ ತುರುಕುವ ಬದಲು ಅಮೆಜಾನ್ ವೆಬ್‌ಸೈಟಿನ ಸೆಂಡ್ ಟು ಕಿಂಡಲ್ ಪುಟದಿಂದ ಕಳಿಸಿ ನೋಡಿ. 2022ರಿಂದ ಅದು ಇಪಬ್ ತಗೊಳ್ಳುತ್ತದೆ.

ಏನು ಮಾಡಿದರೂ ಆಗದಿದ್ದರೆ ನನ್ನ ಕೊನೆಯ ಅಸ್ತ್ರ ಇದು, ಇದುವರೆಗೆ ಕೈಕೊಟ್ಟಿಲ್ಲ. ವರ್ಡ್ ಅಥವಾ ಲಿಬ್ರೆ ಆಫೀಸ್‌ನಲ್ಲಿ ಪುಟದ ಅಳತೆಯನ್ನೇ 9 ಸೆಂ.ಮೀ. ಅಗಲ, 12 ಸೆಂ.ಮೀ. ಉದ್ದ ಮಾಡಿ. 6 ಇಂಚಿನ ಪರದೆಯ ಅಳತೆ ಅದು. ಅಂಚು ಅರ್ಧ ಸೆಂ.ಮೀ. ಸಾಕು. ಅಕ್ಷರ 14 ಪಾಯಿಂಟ್, ಅಜ್ಜನಿಗಾದರೆ 18. ಪಿಡಿಎಫ್ ಆಗಿ ಉಳಿಸಿ ಯಂತ್ರಕ್ಕೆ ಹಾಕಿ. ಪಿಡಿಎಫ್‌ನಲ್ಲಿ ಫಾಂಟ್ ಒಳಗೇ ಸೇರಿರುತ್ತದೆ. ಹಾಗಾಗಿ ಯಾವ ದೇಶದ ಯಾವ ಯಂತ್ರವಾದರೂ ಕನ್ನಡ ಅಚ್ಚಾದ ಹಾಗೇ ಕಾಣುತ್ತದೆ. ಅಕ್ಷರದ ಗಾತ್ರ ಆಮೇಲೆ ಬದಲಿಸಲಾಗದು, ಅದೊಂದೇ ಕೊರತೆ.

ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಹಿಂದೆ ಟೈಪ್ ಮಾಡಿದ ಫೈಲುಗಳಿದ್ದರೆ ಮೊದಲು ಯೂನಿಕೋಡ್‌ಗೆ, ಅಂದರೆ ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ, ಬದಲಿಸಿಕೊಳ್ಳಿ. ಅವುಗಳ ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದಂಥವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಾಗೆ ಕಾಲು, ಗುಬ್ಬಿ ಕಾಲು ಕಾಣುತ್ತದೆ. ಎಷ್ಟೋ ಜನ ಇದನ್ನು ನೋಡಿ ಯಂತ್ರವೇ ಕೆಟ್ಟಿದೆ ಅಂತ ವಾಪಸ್ ಕಳಿಸಲು ಹೊರಡುತ್ತಾರೆ. ಬದಲಿಸುವ ಪರಿವರ್ತಕಗಳು ಅಂತರ್ಜಾಲದಲ್ಲಿ ಪುಕ್ಕಟೆ ಇವೆ.

ಪುಸ್ತಕ ಎಲ್ಲಿ ಸಿಗುತ್ತದೆ? ಕನ್ನಡ ವಿಕಿಸೋರ್ಸ್‌ನಿಂದ ಇಪಬ್ ಆಗಿಯೇ ಇಳಿಸಿಕೊಳ್ಳಬಹುದು. ಅಲ್ಲಿ ವಚನಗಳಿವೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಹಳೇ ಕನ್ನಡ ಪುಸ್ತಕಗಳ ಸ್ಕ್ಯಾನ್ ರಾಶಿ ಇದೆ. ಸ್ಕ್ಯಾನ್ ಅಂದರೆ ಪುಟದ ಫೋಟೋ. ಸಣ್ಣ ಪರದೆಯಲ್ಲಿ ಓದಲು ಕಷ್ಟ. ಸುತ್ತಲಿನ ಬಿಳಿ ಅಂಚು ಕತ್ತರಿಸಿ, ಯಂತ್ರವನ್ನು ಅಡ್ಡ ಹಿಡಿದು, ಅರ್ಧರ್ಧ ಪುಟ ಓದಿ. ಅಭ್ಯಾಸ ಆಗುತ್ತದೆ.

ಹಕ್ಕಿನ ಲೆಕ್ಕವೂ ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಆದ ಮೇಲೆ ಬರಹ ಎಲ್ಲರದಾಗುತ್ತದೆ. ವಿಜಯಪುರದ ಫ.ಗು. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ, ಹಾಗಾಗಿ 2025ರ ಜನವರಿ 1ರಿಂದ ಅವರ ಬರಹ ಇಲ್ಲಿ ಮುಕ್ತ. ಯುರೋಪಿನಲ್ಲಿ ಸಾಮಾನ್ಯ ಲೆಕ್ಕ 70 ವರ್ಷ. ಕೆನಡಾ ಕೂಡ 2022ರ ಕೊನೆಗೆ 50 ಇದ್ದದ್ದನ್ನು 70 ಮಾಡಿತು. ಅಮೆರಿಕದಲ್ಲಿ ಹಳೇ ಪುಸ್ತಕಗಳಿಗೆ ಪ್ರಕಟವಾದ ವರ್ಷದಿಂದ ಎಣಿಸುತ್ತಾರೆ. ಪುಕ್ಕಟೆ ಪುಸ್ತಕ ಬೇಕಾದರೆ ಹೊರಡುವ ಮುಂಚೆ ಇಲ್ಲೇ ಇಳಿಸಿಕೊಂಡು ಹೋಗಿ, ತಲೆನೋವಿಲ್ಲ.

ಹಂತ 6: ದಾರಿಯಲ್ಲಿ ಮತ್ತು ಅಲ್ಲಿ

ಚೆಕ್-ಇನ್ ಬ್ಯಾಗಿಗೆ ಹಾಕಬೇಡಿ. ಲಿಥಿಯಂ ಬ್ಯಾಟರಿ ಇರುವ ಯಂತ್ರ ಕೈಚೀಲದಲ್ಲಿ ಇಟ್ಟುಕೊಳ್ಳುವುದೇ ಲೇಸು. ಕುಂದಾ ಡಬ್ಬಿ, ಚಟ್ನಿಪುಡಿ ಪೊಟ್ಟಣದ ನಡುವೆ ಒತ್ತಿದರೆ ಪರದೆ ಒಳಗಿಂದ ಸೀಳುತ್ತದೆ. ಇ-ಇಂಕ್ ಪರದೆಯ ತಳದಲ್ಲಿ ಹೆಚ್ಚಾಗಿ ಗಾಜೇ ಇರುತ್ತದೆ, ಹೊರಗೆ ಗೀರೂ ಇಲ್ಲದೆ ಒಳಗೆ ಒಡೆದಿರುತ್ತದೆ. ಗಟ್ಟಿ ರಟ್ಟಿನ ಕವರ್‌ಗೆ ಖರ್ಚು ಮಾಡಿ.

ಚಾರ್ಜರ್ ಬೇರೆ ಬೇಡ, ನಿಮ್ಮ ಫೋನಿನದೇ ಸಾಕು. ಅದರ ಮೇಲೆ 100-240 ವೋಲ್ಟ್ ಅಂತ ಇದ್ದರೆ ಅಮೆರಿಕದ 120 ವೋಲ್ಟಿಗೂ ನಡೆಯುತ್ತದೆ. ಬೇಕಾದದ್ದು ಪಿನ್ ಬದಲಿಸುವ ಅಡಾಪ್ಟರ್ ಮಾತ್ರ. ಇಂಗ್ಲೆಂಡ್, ದುಬೈಯಲ್ಲಿ ಮೂರು ಚಪ್ಪಟೆ ಪಿನ್, ಅಮೆರಿಕದಲ್ಲಿ ಎರಡು ಚಪ್ಪಟೆ, ಜರ್ಮನಿಯಲ್ಲಿ ಎರಡು ದುಂಡು.

ಹಾಸ್ಟೆಲ್, ಹೋಟೆಲ್ ವೈಫೈ ತಂಟೆ ಮಾಡುತ್ತದೆ. ಮೊದಲು ಒಂದು ವೆಬ್ ಪುಟ ತೆರೆದು ಹೆಸರು, ರೂಮ್ ನಂಬರ್ ಕೇಳುವ ಜಾಲ ಅದು. ಇ-ರೀಡರ್‌ನಲ್ಲಿ ಆ ಪುಟ ಎಷ್ಟೋ ಸಲ ತೆರೆಯುವುದೇ ಇಲ್ಲ. ಫೋನಿನ ಹಾಟ್‌ಸ್ಪಾಟ್ ಕೊಡಿ. ಅದೂ ಕಾಣದಿದ್ದರೆ ಹಾಟ್‌ಸ್ಪಾಟನ್ನು 2.4 ಗಿಗಾಹರ್ಟ್ಸ್‌ಗೆ ಇಡಿ, ಹಳೇ ಮಾದರಿಗಳಿಗೆ 5 ಕಾಣುವುದಿಲ್ಲ.

ಊರಿಗೆ ಬಂದಾಗ ಯಂತ್ರವನ್ನು ಅಪ್ಪನಿಗೋ ತಮ್ಮನಿಗೋ ಕೊಟ್ಟು ಹೋಗುವ ಮನಸ್ಸಾದರೆ, ನಿಮ್ಮ ಖಾತೆ ಬಿಡಿಸಿ, ಅವರದು ಹಾಕಿ, ಕನ್ನಡದ ಫಾಂಟ್ ಫೋಲ್ಡರ್ ಇದೆಯೇ ಅಂತ ಇನ್ನೊಮ್ಮೆ ನೋಡಿ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಅದೂ ಅಳಿಸಿಹೋಗಿರುತ್ತದೆ. ನೀವು ವಿಮಾನ ಹತ್ತಿದ ಮೇಲೆ "ಬರೇ ಡಬ್ಬಿ ಕಾಣಾಕತ್ತಾವಲ್ಲೋ" ಅಂತ ಅಪ್ಪನ ಫೋನು ಬರುತ್ತದೆ.